ಪಿತ್ತಕೋಶ ತೆಗೆದ ಮೇಲೆ ಪಿತ್ತ ಎಲ್ಲಿಂದ ಬರುತ್ತದೆ?

ಪಿತ್ತಕೋಶವು ಪಿತ್ತವನ್ನು ತಯಾರಿಸುವುದಿಲ್ಲ. ಕಾರವಾರದಲ್ಲಿ ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ನಾನು ಈ ಮಾತನ್ನು ಪ್ರತಿ ವರ್ಷವೂ ಒತ್ತಿ ಹೇಳುತ್ತೇನೆ. ಉತ್ತರಪತ್ರಿಕೆಗಳಲ್ಲಿ ‘ಪಿತ್ತರಸವನ್ನು ಸ್ರವಿಸುವ ಅಂಗ ಪಿತ್ತಕೋಶ’ ಎಂಬ ವಾಕ್ಯವೂ ಪ್ರತಿ ವರ್ಷ ತಪ್ಪದೆ ಕಾಣಿಸಿಕೊಳ್ಳುತ್ತದೆ. ಮಕ್ಕಳನ್ನು ದೂರಿ ಪ್ರಯೋಜನವಿಲ್ಲ. ಅಲ್ಟ್ರಾಸೌಂಡ್ ವರದಿಯನ್ನು ಹಿಡಿದುಕೊಂಡು ಬಂದು ‘ಏನು ಬರೆದಿದ್ದಾರೆ, ಸ್ವಲ್ಪ ನೋಡಿ ಹೇಳಿ ಸರ್’ ಎನ್ನುವ ಪರಿಚಿತರಲ್ಲಿಯೂ, ಘಟ್ಟದ ಮೇಲಿನ ನಮ್ಮ ನೆಂಟರಲ್ಲಿಯೂ ಇದೇ ತಿಳಿವಳಿಕೆ ಬೇರೂರಿದೆ. ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ಕಲ್ಲು ತುಂಬಿದ ಪಿತ್ತಕೋಶವನ್ನು ತೆಗೆಸಬೇಕೆಂದು ವೈದ್ಯರು ಹೇಳಿದಾಗ ಅವರು ಫೋನ್ ಮಾಡಿ ಮೊದಲು ಕೇಳಿದ ಪ್ರಶ್ನೆಯೇ ಅದು: ‘ಪಿತ್ತದ ಚೀಲವನ್ನೇ ತೆಗೆದ್ಮೇಲೆ ಪಿತ್ತ ಎಲ್ಲಿಂದ ಬತ್ತು ತಮಾ? ತುಪ್ಪ ತಿಂದ್ರೆ ಕರಗ್ತಾ?’

ಪ್ರಶ್ನೆ ಚೆನ್ನಾಗಿದೆ. ಉತ್ತರ ಹೇಳಬೇಕಾದರೆ ಪಿತ್ತ ಹುಟ್ಟುವುದು ಎಲ್ಲಿ, ಕಾದು ನಿಲ್ಲುವುದು ಎಲ್ಲಿ, ಅಲ್ಲಿಂದ ಹೊರಡುವುದು ಯಾರ ಅಪ್ಪಣೆಯಿಂದ ಎಂಬುದನ್ನು ಬೇರೆ ಬೇರೆಯಾಗಿ ಬಿಡಿಸಿ ನೋಡಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದ, ಶಾಲೆಯ ಪಾಠದಲ್ಲಿ ಸಾಮಾನ್ಯವಾಗಿ ಅವಸರದಲ್ಲಿ ದಾಟಿಹೋಗುವ ಇನ್ನೊಂದು ಸಂಗತಿಯಿದೆ: ಪಿತ್ತದ ಸಾರಭಾಗವು ಒಮ್ಮೆ ಬಳಸಿ ಹೊರಹೋಗುವ ವಸ್ತುವಲ್ಲ, ಅದೇ ಪಿತ್ತ ದಿನಕ್ಕೆ ಹಲವು ಬಾರಿ ಯಕೃತ್ತಿಗೆ ಮರಳಿ ಬಂದು ಮತ್ತೆ ಕೆಲಸಕ್ಕೆ ಹೋಗುತ್ತದೆ. ದೊಡ್ಡಮ್ಮನ ಪ್ರಶ್ನೆಗೆ ನಿಜವಾದ ಉತ್ತರ ಇರುವುದು ಆ ಮರಳುವಿಕೆಯಲ್ಲಿ.

ಪಿತ್ತ ಹುಟ್ಟುವುದು ಯಕೃತ್ತಿನಲ್ಲಿ. ಅದು ಬಲಭಾಗದ ಪಕ್ಕೆಲುಬುಗಳ ಮರೆಯಲ್ಲಿ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಗೆ ತಾಗಿಕೊಂಡು ಇರುವ, ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಉಳಿದ ಬಹುತೇಕ ಅಂಗಗಳಿಗೆ ರಕ್ತ ಬರುವುದು ಹೃದಯದಿಂದ ಹೊರಟ ಧಮನಿಯ ಮೂಲಕ ಮಾತ್ರ. ಯಕೃತ್ತಿಗೆ ಎರಡು ದಾರಿಗಳಿವೆ. ಅದಕ್ಕೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಕರುಳು, ಜಠರ, ಗುಲ್ಮಗಳನ್ನು ಹಾದು ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ. ಉಂಡ ಅನ್ನದ ಸಾರವಾಗಲಿ, ಕುಡಿದ ಕಷಾಯದ ಅಂಶವಾಗಲಿ, ನುಂಗಿದ ಮಾತ್ರೆಯಾಗಲಿ, ಕರುಳಿನಲ್ಲಿ ರಕ್ತಕ್ಕೆ ಸೇರಿದ್ದೆಲ್ಲ ಮೊದಲು ಇಲ್ಲಿಗೆ ಬಂದು, ಆಮೇಲೆ ಉಳಿದ ದೇಹಕ್ಕೆ ಹೋಗುತ್ತದೆ. ಕೊಬ್ಬು ಮಾತ್ರ ಈ ನಿಯಮಕ್ಕೆ ಹೊರಗು. ಅದರ ಬಹುಪಾಲು ದುಗ್ಧರಸದ ನಾಳಗಳನ್ನು ಹಿಡಿದು ಬೇರೆ ದಾರಿಯಲ್ಲಿ ರಕ್ತಕ್ಕೆ ಸೇರುತ್ತದೆ.

ಯಕೃತ್ತಿನ ಜೀವಕೋಶಗಳು ಸಾಲುಸಾಲಾಗಿ ಜೋಡಣೆಗೊಂಡಿವೆ. ಸಾಲಿನ ಬದಿಯಲ್ಲಿ ರಕ್ತ ಹರಿಯುತ್ತದೆ. ಅಕ್ಕಪಕ್ಕದ ಎರಡು ಕೋಶಗಳು ಒಂದಕ್ಕೊಂದು ಒತ್ತಿಕೊಂಡಿರುವಲ್ಲಿ ಸುಮಾರು ಒಂದು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ಅಗಲದ ಕಿರುಗಾಲುವೆಯೊಂದು ಇರುತ್ತದೆ. ಅದಕ್ಕೆ ಪ್ರತ್ಯೇಕವಾದ ಗೋಡೆಯಿಲ್ಲ. ಆ ಎರಡು ಕೋಶಗಳ ಪೊರೆಗಳೇ ಅದರ ದಂಡೆ. ಯಕೃತ್ತಿನ ಕೋಶವು ಒಂದು ಬದಿಯಿಂದ ರಕ್ತದಲ್ಲಿರುವುದನ್ನು ಎಳೆದುಕೊಂಡು, ಒಳಗೆ ಮಾರ್ಪಡಿಸಿ, ಇನ್ನೊಂದು ಬದಿಯಿಂದ ಈ ಕಾಲುವೆಗೆ ತಳ್ಳುತ್ತದೆ. ತಳ್ಳುವ ಕೆಲಸ ತಾನಾಗಿ ಆಗುವಂಥದ್ದಲ್ಲ. ಪೊರೆಯಲ್ಲಿರುವ ಪ್ರೋಟೀನು ಪಂಪುಗಳು ಶಕ್ತಿಯನ್ನು ವ್ಯಯಿಸಿ ಪಿತ್ತಲವಣಗಳನ್ನು ಹೊರಹಾಕುತ್ತವೆ, ಲವಣ ಹೋದತ್ತ ನೀರು ಹಿಂಬಾಲಿಸುತ್ತದೆ. ರಕ್ತ ಮತ್ತು ಪಿತ್ತ ಇಲ್ಲಿ ಎದುರುಬದುರು ದಿಕ್ಕಿನಲ್ಲಿ ಸಾಗುತ್ತವೆ: ಈ ಸಾಲುಗಳು ಕೂಡಿ ಆದ ಕಿರುಘಟಕದಲ್ಲಿ ರಕ್ತ ಅಂಚಿನಿಂದ ನಡುವಿಗೆ, ಪಿತ್ತ ನಡುವಿನಿಂದ ಅಂಚಿಗೆ. ಇಷ್ಟು ಹತ್ತಿರದಲ್ಲಿದ್ದೂ ಅವು ಬೆರೆಯದಂತೆ ಕೋಶಗಳ ನಡುವಿನ ಬಿಗಿಯಾದ ಬೆಸುಗೆಗಳು ತಡೆದಿಟ್ಟಿರುತ್ತವೆ.

ಕಿರುಗಾಲುವೆಗಳು ಕೂಡಿ ನಾಳಗಳಾಗುತ್ತವೆ. ನಾಳಗಳ ಒಳಗೋಡೆಯ ಕೋಶಗಳು ಬೈಕಾರ್ಬೊನೇಟನ್ನೂ ನೀರನ್ನೂ ಸೇರಿಸಿ ಪಿತ್ತವನ್ನು ತೆಳುಗೊಳಿಸುತ್ತವೆ ಮತ್ತು ಕ್ಷಾರೀಯವಾಗಿಸುತ್ತವೆ. ಕೊನೆಗೆ ಎಡ, ಬಲ ಎಂಬ ಎರಡು ನಾಳಗಳು ಯಕೃತ್ತಿನಿಂದ ಹೊರಬಂದು ಒಂದಾಗುತ್ತವೆ. ಹೀಗೆ ದಿನವೊಂದಕ್ಕೆ ಹೆಚ್ಚುಕಡಿಮೆ 500ರಿಂದ 1000 ಮಿಲಿಲೀಟರ್ ಪಿತ್ತ ತಯಾರಾಗುತ್ತದೆ. ಹಗಲು ರಾತ್ರಿ, ಊಟ ಉಪವಾಸ ಎಂಬ ಭೇದವಿಲ್ಲದೆ ಈ ಕೆಲಸ ನಡೆಯುತ್ತಲೇ ಇರುತ್ತದೆ, ವೇಗದಲ್ಲಿ ಮಾತ್ರ ಏರಿಳಿತವಿರುತ್ತದೆ.

ಈ ದ್ರವದ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ನೀರು. ಉಳಿದದ್ದರಲ್ಲಿ ಪಿತ್ತಲವಣಗಳು, ಲೆಸಿಥಿನ್ ಎಂಬ ಫಾಸ್ಫೋಲಿಪಿಡ್, ಕೊಲೆಸ್ಟೆರಾಲ್, ಬಿಲಿರುಬಿನ್ ಎಂಬ ಬಣ್ಣ ಮತ್ತು ಸೋಡಿಯಂ ಮೊದಲಾದ ಲವಣಗಳಿವೆ. ಆಹಾರವನ್ನು ಒಡೆಯುವ ಕಿಣ್ವ ಒಂದೂ ಇಲ್ಲ. ಜೀರ್ಣರಸ ಎಂದು ಕರೆಸಿಕೊಳ್ಳುವ ದ್ರವದಲ್ಲಿ ಜೀರ್ಣಿಸುವ ಕಿಣ್ವವೇ ಇಲ್ಲದಿರುವುದು ನನ್ನ ವಿದ್ಯಾರ್ಥಿಗಳಿಗೆ ಸದಾ ಅಚ್ಚರಿ ತರುವ ವಿಷಯ. ಪಿತ್ತಲವಣಗಳ ಹುಟ್ಟು ಇನ್ನೂ ಸ್ವಾರಸ್ಯದ್ದು. ಎಲ್ಲರೂ ಬೈಯುವ ಕೊಲೆಸ್ಟೆರಾಲೇ ಅವುಗಳ ಕಚ್ಚಾ ಸಾಮಗ್ರಿ. ಯಕೃತ್ತು ಕೊಲೆಸ್ಟೆರಾಲಿನಿಂದ ಕೋಲಿಕ್ ಆಮ್ಲ ಮತ್ತು ಕೀನೋಡಿಆಕ್ಸಿಕೋಲಿಕ್ ಆಮ್ಲ ಎಂಬ ಎರಡು ಮೂಲ ಪಿತ್ತಾಮ್ಲಗಳನ್ನು ಮಾಡಿ, ಅವಕ್ಕೆ ಗ್ಲೈಸೀನ್ ಅಥವಾ ಟಾರೀನ್ ಜೋಡಿಸಿ ನೀರಿನಲ್ಲಿ ಚೆನ್ನಾಗಿ ಕರಗುವಂತೆ ಮಾಡುತ್ತದೆ. ದೇಹಕ್ಕೆ ಬೇಡವಾದ ಕೊಲೆಸ್ಟೆರಾಲನ್ನು ಹೊರಗೆ ಕಳುಹಿಸುವ ಮುಖ್ಯ ದಾರಿಯೂ ಪಿತ್ತವೇ ಆಗಿದೆ. ಪಿತ್ತಾಮ್ಲಗಳ ರಚನೆಯನ್ನು ಬಿಡಿಸಿದ್ದಕ್ಕಾಗಿ ಜರ್ಮನಿಯ ಹೈನ್ರಿಶ್ ವೀಲಾಂಡ್ ಅವರಿಗೆ 1927ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಸಂದಿತು. ಬಹುಮಾನ ಕೈಸೇರಿದ ಕೆಲವೇ ವರ್ಷಗಳಲ್ಲಿ ಅವರು ಸೂಚಿಸಿದ್ದ ರಚನೆ ಪೂರ್ತಿ ಸರಿಯಿಲ್ಲವೆಂದು ತಿಳಿದು 1932ರಲ್ಲಿ ಅದು ತಿದ್ದುಪಡಿಯಾಯಿತು. ವಿಜ್ಞಾನದಲ್ಲಿ ಇದು ಅವಮಾನವೆನಿಸುವುದಿಲ್ಲ ಎಂಬುದನ್ನು ತೋರಿಸಲು ನಾನು ಈ ಪ್ರಸಂಗವನ್ನು ತರಗತಿಯಲ್ಲಿ ಹೇಳುವುದುಂಟು.

ಬಣ್ಣದ ಕತೆ ಬೇರೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಹಳೆಯ ಕಣಗಳನ್ನು ಗುಲ್ಮ ಮತ್ತು ಯಕೃತ್ತಿನ ವಿಶೇಷ ಕೋಶಗಳು ನುಂಗಿ ಒಡೆದಾಗ ಹೀಮ್ ಎಂಬ ಅಂಶ ಮೊದಲು ಹಸಿರು ಬಣ್ಣದ ಬಿಲಿವರ್ಡಿನ್ ಆಗಿ, ಆಮೇಲೆ ಹಳದಿ ಬಣ್ಣದ ಬಿಲಿರುಬಿನ್ ಆಗುತ್ತದೆ. ಪೆಟ್ಟು ಬಿದ್ದ ಜಾಗ ನೀಲಿಗಟ್ಟಿ, ದಿನ ಕಳೆದಂತೆ ಹಸಿರಾಗಿ, ಹಳದಿಯಾಗಿ ಮಾಯುವುದರಲ್ಲಿ ಇದೇ ಬದಲಾವಣೆ ಕಣ್ಣಿಗೆ ಕಾಣುತ್ತದೆ. ಬಿಲಿರುಬಿನ್ ನೀರಿನಲ್ಲಿ ಕರಗದು. ರಕ್ತದ ಆಲ್ಬುಮಿನ್ ಪ್ರೋಟೀನು ಅದನ್ನು ಹೊತ್ತು ಯಕೃತ್ತಿಗೆ ತರುತ್ತದೆ. ಅಲ್ಲಿ ಗ್ಲುಕುರಾನಿಕ್ ಆಮ್ಲದ ಜೋಡಣೆಯಾಗಿ, ಕರಗುವ ರೂಪ ಪಡೆದು ಪಿತ್ತದೊಡನೆ ಕರುಳಿಗೆ ಇಳಿಯುತ್ತದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಮಾರ್ಪಡಿಸುವುದರಿಂದಲೇ ಮಲಕ್ಕೆ ಕಂದು ಬಣ್ಣ ಬರುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ಕಾಮಾಲೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇನ್ನು ಪಿತ್ತಕೋಶ. ಯಕೃತ್ತಿನ ಅಡಿಭಾಗಕ್ಕೆ ಅಂಟಿಕೊಂಡಿರುವ ಈ ಚೀಲ 7ರಿಂದ 10 ಸೆಂಟಿಮೀಟರ್ ಉದ್ದವಿದ್ದು, 30ರಿಂದ 50 ಮಿಲಿಲೀಟರ್ ಹಿಡಿಯುತ್ತದೆ. ಲೀಟರಿನ ಲೆಕ್ಕದಲ್ಲಿ ತಯಾರಾಗುವ ಪಿತ್ತಕ್ಕೆ ಇಷ್ಟು ಚಿಕ್ಕ ಚೀಲ ಹೇಗೆ ಸಾಕಾಗುತ್ತದೆ ಎಂದು ಕೇಳುವ ವಿದ್ಯಾರ್ಥಿ ಸಿಕ್ಕಿದರೆ ಅಂದಿನ ಪಾಠ ಗೆದ್ದಂತೆ. ಪಿತ್ತಕೋಶ ಸುಮ್ಮನೆ ತುಂಬಿಸಿಟ್ಟುಕೊಳ್ಳುವುದಿಲ್ಲ. ಅದರ ಒಳಗೋಡೆ ಮಡಿಕೆ ಮಡಿಕೆಯಾಗಿದ್ದು, ಅಲ್ಲಿನ ಕೋಶಗಳು ಸೋಡಿಯಮ್ಮನ್ನು ಎಳೆದುಕೊಳ್ಳುತ್ತವೆ. ಕ್ಲೋರೈಡ್ ಮತ್ತು ನೀರು ಅದರ ಹಿಂದೆ ರಕ್ತಕ್ಕೆ ಮರಳುತ್ತವೆ. ಪಿತ್ತಲವಣ, ಬಿಲಿರುಬಿನ್, ಕೊಲೆಸ್ಟೆರಾಲ್ ಇವು ಉಳಿದು, ಪಿತ್ತವು ಐದರಿಂದ ಹತ್ತು ಪಟ್ಟು ಸಾಂದ್ರವಾಗುತ್ತದೆ. ಯಕೃತ್ತಿನಿಂದ ಹೊರಟಾಗ ಹೊಂಬಣ್ಣದ ತೆಳು ದ್ರವವಾಗಿದ್ದದ್ದು ಇಲ್ಲಿ ಗಾಢ ಹಸಿರು ಛಾಯೆಯ ಮಂದ ದ್ರವವಾಗುತ್ತದೆ. ಅದೇ ಹೊತ್ತಿಗೆ ಈ ಕೋಶಗಳು ಪಿತ್ತದ ಕ್ಷಾರಗುಣವನ್ನೂ ತಗ್ಗಿಸುತ್ತವೆ. ಇಲ್ಲದಿದ್ದರೆ ಅಷ್ಟು ಸಾಂದ್ರವಾದ ದ್ರವದಲ್ಲಿ ಕ್ಯಾಲ್ಸಿಯಂ ಸುಲಭವಾಗಿ ಕಲ್ಲುಗಟ್ಟುತ್ತಿತ್ತು.

ಆ ಹಸಿರು ಚೀಲವನ್ನು ನಮ್ಮ ಕರಾವಳಿಯವರು ವೈದ್ಯರಿಗಿಂತ ಹೆಚ್ಚು ಬಾರಿ ನೋಡಿರುತ್ತಾರೆ. ಕಾರವಾರದ ಮೀನು ಮಾರುಕಟ್ಟೆಯಲ್ಲಿ ದೊಡ್ಡ ಮೀನನ್ನು ಕೊಯ್ದು ಕೊಡುವ ಹೆಂಗಸರು ಹೊಟ್ಟೆಯ ಭಾಗಕ್ಕೆ ಬಂದಾಗ ಕೈಯ ವೇಗ ತಗ್ಗಿಸುವುದನ್ನು ಗಮನಿಸಿ ನೋಡಬೇಕು. ಪಿತ್ತದ ಚೀಲ ಒಡೆದರೆ ಸುತ್ತಲಿನ ಮಾಂಸವೆಲ್ಲ ಕಹಿಯಾಗುತ್ತದೆ. ಮೀನು ತಿನ್ನದ ಮನೆತನದವನಾದ ನಾನು ಇದನ್ನು ಕಲಿತದ್ದು ಅವರನ್ನು ನೋಡಿಯೇ. ಒಂದು ಎಚ್ಚರಿಕೆಯನ್ನೂ ಇಲ್ಲಿ ಸೇರಿಸಬೇಕು. ರೋಹು, ಕಾಟ್ಲಾ ಮೊದಲಾದ ಸಿಹಿನೀರಿನ ಕಾರ್ಪ್ ಜಾತಿಯ ಮೀನುಗಳ ಪಿತ್ತದಲ್ಲಿ ಸಿಪ್ರಿನಾಲ್ ಎಂಬ ವಿಷಕಾರಿ ಅಂಶವಿದೆ. ಔಷಧಿಯೆಂದು ನಂಬಿ ಅದನ್ನು ಹಸಿಯಾಗಿ ನುಂಗಿದವರಲ್ಲಿ ಮೂತ್ರಪಿಂಡಗಳು ಕೆಟ್ಟುಹೋದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರು ದಾಖಲಿಸಿದ್ದಾರೆ. ಕಹಿಯಾದದ್ದೆಲ್ಲ ಔಷಧವಲ್ಲ.

ಪಿತ್ತಕೋಶಕ್ಕೆ ಪಿತ್ತ ಒಳಬರುವ ಬಾಗಿಲೂ ಹೊರಹೋಗುವ ಬಾಗಿಲೂ ಒಂದೇ. ಹಾಗಿದ್ದರೆ ಯಾವಾಗ ಒಳಕ್ಕೆ, ಯಾವಾಗ ಹೊರಕ್ಕೆ ಎಂಬುದನ್ನು ನಿರ್ಧರಿಸುವುದು ಯಾವುದು? ಯಕೃತ್ತಿನ ನಾಳವು ಪಿತ್ತಕೋಶದ ನಾಳದೊಡನೆ ಸೇರಿ ಮುಖ್ಯ ಪಿತ್ತನಾಳವಾಗಿ, ಮೇದೋಜೀರಕ ಗ್ರಂಥಿಯ ತಲೆಯ ಭಾಗವನ್ನು ಹಾದು, ಆ ಗ್ರಂಥಿಯ ನಾಳವನ್ನೂ ಕೂಡಿಕೊಂಡು ಸಣ್ಣ ಕರುಳಿನ ಮೊದಲ ಭಾಗವಾದ ಡಿಯೋಡಿನಮ್ಮಿಗೆ ತೆರೆದುಕೊಳ್ಳುತ್ತದೆ. ಆ ತುದಿಯಲ್ಲಿ ಬಳೆಯಾಕಾರದ ಸ್ನಾಯುವೊಂದಿದೆ. ಇಟಲಿಯ ಪೆರೂಜಾದಲ್ಲಿ ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದ ರುಜ್ಜೇರೋ ಓಡಿ 1887ರಲ್ಲಿ ಅದನ್ನು ವಿವರಿಸಿದ್ದರಿಂದ ಅದಕ್ಕೆ ಅವನ ಹೆಸರೇ ಉಳಿದಿದೆ. ಹೊಟ್ಟೆ ಖಾಲಿಯಿರುವಾಗ ಓಡಿಯ ಸ್ನಾಯು ಬಹುಮಟ್ಟಿಗೆ ಬಿಗಿದುಕೊಂಡಿರುತ್ತದೆ, ಪಿತ್ತಕೋಶ ಸಡಿಲಗೊಂಡಿರುತ್ತದೆ. ಕೆಳಗೆ ದಾರಿ ಮುಚ್ಚಿದ್ದರಿಂದ ಪಿತ್ತ ಒತ್ತಡ ಕಡಿಮೆಯಿರುವ ಚೀಲದ ಕಡೆಗೆ ತಿರುಗುತ್ತದೆ. ರಾತ್ರಿಯಿಡೀ ಇದು ನಡೆದು, ಬೆಳಗಿನ ಹೊತ್ತಿಗೆ ಪಿತ್ತಕೋಶ ತುಂಬಿರುತ್ತದೆ. ಪಿತ್ತಕೋಶದ ಅಲ್ಟ್ರಾಸೌಂಡ್ ಮಾಡಿಸಲು ಏನನ್ನೂ ತಿನ್ನದೆ ಬರಬೇಕೆಂದು ಹೇಳುವುದರ ಕಾರಣವೂ ಇದೇ. ತಿಂಡಿ ತಿಂದು ಹೋದರೆ ಕುಗ್ಗಿದ ಚೀಲದಲ್ಲಿ ಕಲ್ಲು ಸರಿಯಾಗಿ ಕಾಣುವುದಿಲ್ಲ.

ಬೆಳಗ್ಗೆ ತೆಳ್ಳೇವು (ತೆಳ್ಳಗಿನ ದೋಸೆ), ಮೇಲೊಂದು ಚಮಚ ತುಪ್ಪ, ಜೋನಿಬೆಲ್ಲ ಎಂದುಕೊಳ್ಳೋಣ. ಅಗಿಯುವಾಗಲೇ ಮಿದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರದ ಮೂಲಕ ಪಿತ್ತಕೋಶಕ್ಕೆ ಮೊದಲ ಸೂಚನೆ ಹೋಗುತ್ತದೆ. ಆದರೆ ಅದು ದುರ್ಬಲವಾದದ್ದು. ನಿಜವಾದ ಅಪ್ಪಣೆ ಹೊರಡುವುದು ಜಠರದಿಂದ ಜಾರಿದ ಆಹಾರದ ಕೊಬ್ಬು ಮತ್ತು ಪ್ರೋಟೀನಿನ ತುಣುಕುಗಳು ಡಿಯೋಡಿನಮ್ಮಿನ ಗೋಡೆಯನ್ನು ಮುಟ್ಟಿದಾಗ. ಅಲ್ಲಿ ಚದುರಿಕೊಂಡಿರುವ ಕೆಲವು ಕೋಶಗಳು ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅದು ಪಿತ್ತಕೋಶದ ಸ್ನಾಯುವನ್ನು ಸಂಕುಚಿಸುವಂತೆ ಮಾಡುತ್ತದೆ, ಓಡಿಯ ಸ್ನಾಯುವನ್ನು ಸಡಿಲಿಸುತ್ತದೆ; ಒಂದೇ ಸಂದೇಶಕ್ಕೆ ಎರಡು ಕಡೆ ಎರಡು ವಿರುದ್ಧ ಪರಿಣಾಮ. ಊಟದಲ್ಲಿ ಕೊಬ್ಬು ಸಾಕಷ್ಟಿದ್ದರೆ ಸುಮಾರು ಒಂದು ಗಂಟೆಯಲ್ಲಿ ಪಿತ್ತಕೋಶದ ಬಹುಪಾಲು ಖಾಲಿಯಾಗುತ್ತದೆ. ಬರಿ ಗಂಜಿ, ಉಪ್ಪು ಉಂಡರೆ ಇಷ್ಟು ಜೋರಾಗಿ ಕುಗ್ಗುವುದಿಲ್ಲ. ಜಠರದ ಆಮ್ಲ ಕರುಳಿಗೆ ತಾಗಿದಾಗ ಹೊರಡುವ ಸೆಕ್ರಿಟಿನ್ ಎಂಬ ಇನ್ನೊಂದು ಹಾರ್ಮೋನು ಪಿತ್ತನಾಳದ ಕೋಶಗಳಿಂದ ಬೈಕಾರ್ಬೊನೇಟ್ ತುಂಬಿದ ನೀರನ್ನು ಹೊರಡಿಸಿ ಆಮ್ಲವನ್ನು ಶಮನಗೊಳಿಸಲು ನೆರವಾಗುತ್ತದೆ.

ಈ ಹಾರ್ಮೋನುಗಳ ಇತಿಹಾಸವನ್ನು ಸ್ವಲ್ಪ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಸೆಕ್ರಿಟಿನ್ನನ್ನು ಕಂಡುಹಿಡಿಯುವವರೆಗೆ, ಜೀರ್ಣಾಂಗಗಳು ಒಂದಕ್ಕೊಂದು ಮಾತಾಡುವುದು ನರಗಳ ಮೂಲಕವೇ ಎಂದು ನಂಬಲಾಗಿತ್ತು. ರಕ್ತದ ಮೂಲಕವೂ ಸಂದೇಶ ಹೋಗಬಹುದು ಎಂಬುದು ಅವರ ಪ್ರಯೋಗದಿಂದ ಖಚಿತವಾಯಿತು. ಹಾರ್ಮೋನು ಎಂಬ ಹೆಸರನ್ನು ಸ್ಟಾರ್ಲಿಂಗ್ 1905ರಲ್ಲಿ ಬಳಕೆಗೆ ತಂದರು. 1928ರಲ್ಲಿ ಅಮೆರಿಕದ ಐವಿ ಮತ್ತು ಓಲ್ಡ್‌ಬರ್ಗ್, ಕರುಳಿನ ಒಳಪದರದಿಂದ ತೆಗೆದ ಸಾರವು ಪಿತ್ತಕೋಶವನ್ನು ಕುಗ್ಗಿಸುತ್ತದೆ ಎಂದು ತೋರಿಸಿ, ಆ ವಸ್ತುವಿಗೆ ಕೋಲಿಸಿಸ್ಟೋಕೈನಿನ್ ಎಂದು ಹೆಸರಿಟ್ಟರು. 1943ರಲ್ಲಿ ಇಂಗ್ಲೆಂಡಿನ ಹಾರ್ಪರ್ ಮತ್ತು ರೇಪರ್, ಮೇದೋಜೀರಕ ಗ್ರಂಥಿಯಿಂದ ಕಿಣ್ವಗಳನ್ನು ಹೊರಡಿಸುವ ಮತ್ತೊಂದು ವಸ್ತುವನ್ನು ಕರುಳಿನಲ್ಲಿ ಕಂಡು ಅದಕ್ಕೆ ಪ್ಯಾಂಕ್ರಿಯೋಜೈಮಿನ್ ಎಂದರು. 1960ರ ದಶಕದಲ್ಲಿ ಸ್ಟಾಕ್‌ಹೋಮಿನ ಯೋರ್ಪೆಸ್ ಮತ್ತು ಮುಟ್ ಇವೆರಡನ್ನೂ ಶುದ್ಧಗೊಳಿಸುತ್ತ ಹೋದಾಗ ಎರಡೂ ಒಂದೇ ಎಂದು ಹೊರಬಿತ್ತು. ಯೋಚಿಸಿದರೆ ಅದು ಹಾಗೆಯೇ ಇರಬೇಕಾಗಿತ್ತು: ಕೊಬ್ಬನ್ನು ಹರಡುವ ಪಿತ್ತವೂ ಅದನ್ನು ಒಡೆಯುವ ಕಿಣ್ವವೂ ಒಂದೇ ಹೊತ್ತಿಗೆ ಒಂದೇ ಜಾಗಕ್ಕೆ ಬಂದರೆ ಮಾತ್ರ ಕೆಲಸ ಆಗುವುದು.

ಆ ಕೆಲಸ ಯಾವುದೆಂದರೆ, ನೀರಿನಲ್ಲಿ ಬೆರೆಯದ ಕೊಬ್ಬನ್ನು ನೀರಿನಿಂದ ತುಂಬಿದ ಕರುಳಿನಲ್ಲಿ ಕಿಣ್ವಕ್ಕೆ ಸಿಗುವಂತೆ ಮಾಡುವುದು. ಎಣ್ಣೆ ಹಚ್ಚಿಕೊಂಡ ತಲೆಗೆ ಬಿಸಿನೀರೊಂದನ್ನೇ ಎಷ್ಟು ಸುರಿದರೂ ಜಿಡ್ಡು ಹೋಗುವುದಿಲ್ಲ, ಸೀಗೆಪುಡಿ ಹಾಕಿ ತಿಕ್ಕಿದರೆ ಹೋಗುತ್ತದೆ. ಸೀಗೆಯಲ್ಲಿರುವ ಸಪೋನಿನ್ನಿನ ಅಣುವಿಗೆ ಇರುವಂತೆಯೇ ಪಿತ್ತಲವಣದ ಅಣುವಿಗೂ ನೀರನ್ನು ಒಪ್ಪುವ ಒಂದು ಮುಖ, ಜಿಡ್ಡನ್ನು ಒಪ್ಪುವ ಇನ್ನೊಂದು ಮುಖ ಇರುತ್ತದೆ. ದೊಡ್ಡ ಜಿಡ್ಡಿನ ಹನಿ ಕರುಳಿನ ಚಲನೆಯಿಂದ ಒಡೆದಾಗ, ಪಿತ್ತಲವಣ ಮತ್ತು ಲೆಸಿಥಿನ್ ಚಿಕ್ಕ ಹನಿಗಳ ಮೇಲೆ ಹರಡಿಕೊಂಡು ಅವು ಮತ್ತೆ ಒಂದಾಗದಂತೆ ನೋಡಿಕೊಳ್ಳುತ್ತವೆ. ಹನಿ ಚಿಕ್ಕದಾದಷ್ಟೂ ಲೈಪೇಸ್ ಕಿಣ್ವಕ್ಕೆ ಸಿಗುವ ಮೇಲ್ಮೈ ಹೆಚ್ಚು. ಒಡೆದು ಹುಟ್ಟಿದ ಕೊಬ್ಬಿನಾಮ್ಲಗಳನ್ನು ಪಿತ್ತಲವಣಗಳು ಅತಿ ಸೂಕ್ಷ್ಮವಾದ ಗುಂಪುಗಳಲ್ಲಿ ಸುತ್ತುವರಿದು ಕರುಳಿನ ಗೋಡೆಯ ತನಕ ಒಯ್ಯುತ್ತವೆ. ಎ, ಡಿ, ಇ, ಕೆ ಎಂಬ ನಾಲ್ಕು ಜೀವಸತ್ವಗಳ ಪ್ರಯಾಣವೂ ಈ ಗುಂಪಿನ ಜೊತೆಗೇ. ಬಹುಕಾಲ ಪಿತ್ತ ಕರುಳಿಗೆ ತಲುಪದೆ ಹೋದವರಲ್ಲಿ ಕೆ ಜೀವಸತ್ವದ ಕೊರತೆಯಾಗಿ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ. ಶಿರಸಿ, ಸಿದ್ದಾಪುರದ ಕಡೆ ಬೀಜ ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ತೆಗೆದು ಮಾಡುವ ಉಪ್ಪಾಗೆ ತುಪ್ಪ ಇರಲಿ, ಎಮ್ಮೆಯ ತುಪ್ಪ ಇರಲಿ, ಕೊಬ್ಬರಿ ಎಣ್ಣೆ ಇರಲಿ, ಪಿತ್ತ ಮಾಡುವ ಉಪಚಾರ ಒಂದೇ.

ಈಗ ಮರಳುವಿಕೆಗೆ ಬರೋಣ. ದೇಹದಲ್ಲಿರುವ ಒಟ್ಟು ಪಿತ್ತಾಮ್ಲದ ದಾಸ್ತಾನು ಎರಡರಿಂದ ನಾಲ್ಕು ಗ್ರಾಂ ಮಾತ್ರ. ದಿನದ ಊಟಗಳಲ್ಲಿರುವ ಕೊಬ್ಬನ್ನು ನಿಭಾಯಿಸಲು ಇದರ ಹಲವು ಪಟ್ಟು ಬೇಕು. ಯಕೃತ್ತು ಅಷ್ಟನ್ನೂ ಹೊಸದಾಗಿ ಮಾಡುವ ಗೋಜಿಗೆ ಹೋಗುವುದಿಲ್ಲ. ಕೊಬ್ಬು ಹೀರಿಕೆಯಾಗುವುದು ಸಣ್ಣ ಕರುಳಿನ ಮೇಲ್ಭಾಗದಲ್ಲಿ. ಪಿತ್ತಲವಣಗಳು ಅಲ್ಲಿ ತಮ್ಮ ಹೊರೆ ಇಳಿಸಿ, ಕೆಳಗೆ ಸಾಗಿ, ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್ಮಿನಲ್ಲಿ ಪ್ರತ್ಯೇಕ ಪ್ರೋಟೀನುಗಳ ಸಹಾಯದಿಂದ ರಕ್ತಕ್ಕೆ ಮರಳುತ್ತವೆ. ಪೋರ್ಟಲ್ ರಕ್ತನಾಳ ಅವನ್ನು ನೇರ ಯಕೃತ್ತಿಗೆ ಮುಟ್ಟಿಸುತ್ತದೆ, ಯಕೃತ್ತಿನ ಕೋಶ ಅವನ್ನು ಹಿಡಿದು ಮತ್ತೆ ಕಿರುಗಾಲುವೆಗೆ ತಳ್ಳುತ್ತದೆ. ಒಂದು ಸುತ್ತಿನಲ್ಲಿ ನೂರಕ್ಕೆ ಸುಮಾರು 95 ಭಾಗ ಹೀಗೆ ಹಿಂದಿರುಗುತ್ತದೆ; ದಿನಕ್ಕೆ ಆರೆಂಟು ಸುತ್ತುಗಳಾಗುತ್ತವೆ. ಮಲದಲ್ಲಿ ಕಳೆದುಹೋಗುವ ಅರ್ಧ ಗ್ರಾಮಿನಷ್ಟನ್ನು ಮಾತ್ರ ಯಕೃತ್ತು ಕೊಲೆಸ್ಟೆರಾಲಿನಿಂದ ಹೊಸದಾಗಿ ಮಾಡಿ ತುಂಬಿಕೊಡುತ್ತದೆ. ಮರಳಿ ಬಂದದ್ದು ಹೆಚ್ಚಾದರೆ ತಯಾರಿಕೆ ತಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ.

ದೊಡ್ಡಮ್ಮನಿಗೆ ನಾನು ಹೇಳಿದ ಉತ್ತರ ಇದರ ಆಧಾರದ ಮೇಲೆ ನಿಂತಿತ್ತು. ಪಿತ್ತಕೋಶ ಹೋದರೂ ಯಕೃತ್ತು ಪಿತ್ತ ಮಾಡುವುದು ನಿಲ್ಲುವುದಿಲ್ಲ, ಕರುಳಿನಿಂದ ಪಿತ್ತ ಮರಳುವುದೂ ನಿಲ್ಲುವುದಿಲ್ಲ. ತಪ್ಪಿಹೋಗುವುದು ಊಟದ ಹೊತ್ತಿಗೆ ಸಾಂದ್ರವಾದ ಪಿತ್ತ ಒಟ್ಟಾಗಿ ಬರುವ ಏರ್ಪಾಡು. ಅದರ ಬದಲು ತೆಳುವಾದ ಪಿತ್ತ ಹೆಚ್ಚುಕಡಿಮೆ ಸತತವಾಗಿ ಇಳಿಯುತ್ತದೆ, ಸುತ್ತುಗಳ ಸಂಖ್ಯೆ ಹೆಚ್ಚುತ್ತದೆ. ಬಹಳ ಜನರಿಗೆ ಇದು ಸಾಕಾಗುತ್ತದೆ. ಕುದುರೆ ಮತ್ತು ದೊಡ್ಡ ಜಾತಿಯ ಇಲಿಗಳಿಗೆ (ರ‍್ಯಾಟ್) ಪಿತ್ತಕೋಶವೇ ಇಲ್ಲ, ಪಾರಿವಾಳಕ್ಕೂ ಇಲ್ಲ. ಕೆಲವರಿಗೆ ಶಸ್ತ್ರಚಿಕಿತ್ಸೆಯ ನಂತರ ಭೇದಿಯ ತೊಂದರೆ ಕಾಣಿಸುತ್ತದೆ. ದೊಡ್ಡ ಕರುಳಿಗೆ ಜಾರುವ ಹೆಚ್ಚುವರಿ ಪಿತ್ತಾಮ್ಲಗಳು ಅಲ್ಲಿ ನೀರನ್ನು ಹೊರಡಿಸುವುದೇ ಅದಕ್ಕೆ ಮುಖ್ಯ ಕಾರಣ. ಸಾಮಾನ್ಯವಾಗಿ ಅದು ಕ್ರಮೇಣ ತಗ್ಗುತ್ತದೆ, ತಗ್ಗದಿದ್ದರೆ ಪಿತ್ತಾಮ್ಲವನ್ನು ಹಿಡಿದಿಡುವ ಔಷಧಿಯಿದೆ. ಮೊದಲ ಕೆಲವು ವಾರ ಹಬ್ಬದೂಟದ ಹೋಳಿಗೆ ತುಪ್ಪವನ್ನು ಮಿತಿಯಲ್ಲಿಡುವುದು ವಿವೇಕ. ಜೀವಮಾನವಿಡೀ ತುಪ್ಪ ಬಿಡಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಪಿತ್ತಕೋಶವನ್ನು ಮೊದಲ ಬಾರಿ ಪೂರ್ತಿ ತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರ ಜುಲೈ 15ರಂದು. ಅದಕ್ಕೂ ಮೊದಲು ಕೋಶವನ್ನು ಸೀಳಿ ಕಲ್ಲುಗಳನ್ನು ಮಾತ್ರ ತೆಗೆಯುವ ಪ್ರಯತ್ನಗಳಾಗಿದ್ದವು. ಕಲ್ಲು ತೆಗೆದು ಕೋಶವನ್ನು ಉಳಿಸಿದರೆ ಮತ್ತೆ ಕಲ್ಲು ಹುಟ್ಟುತ್ತದೆ ಎಂಬುದು ಲಾಂಗೆನ್‌ಬುಖ್ ವಾದ. ಇಂದಿಗೂ ಶಸ್ತ್ರವೈದ್ಯರು ಇಡೀ ಕೋಶವನ್ನೇ ತೆಗೆಯುವುದು ಇದೇ ಕಾರಣಕ್ಕೆ. ಜರ್ಮನಿಯವರೇ ಆದ ಎರಿಶ್ ಮ್ಯೂಹೆ 1985ರಲ್ಲಿ ಇದನ್ನು ಲ್ಯಾಪರೋಸ್ಕೋಪ್, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಒಳಗೆ ನೋಡುವ ಕೊಳವೆಯ ಮೂಲಕ ಮಾಡಿದರು. ಈಗ ಅದೇ ರೂಢಿಯ ವಿಧಾನ.

ಕಲ್ಲು ಹುಟ್ಟುವುದು ಪ್ರಮಾಣ ತಪ್ಪಿದಾಗ. ಕೊಲೆಸ್ಟೆರಾಲನ್ನು ಪಿತ್ತಲವಣ ಮತ್ತು ಲೆಸಿಥಿನ್ ಕರಗಿಸಿ ಹಿಡಿದಿರುತ್ತವೆ. ಅವುಗಳ ಅಳವಿಗಿಂತ ಕೊಲೆಸ್ಟೆರಾಲ್ ಹೆಚ್ಚಾದರೆ ಹರಳುಗಟ್ಟುತ್ತದೆ. ಕೋಶ ಸರಿಯಾಗಿ ಖಾಲಿಯಾಗದೆ ಪಿತ್ತ ನಿಂತಲ್ಲಿಯೇ ನಿಂತರೆ ಹರಳು ಬೆಳೆಯಲು ಸಮಯ ಸಿಗುತ್ತದೆ. ಬಸುರಿಯಲ್ಲಿ ಈಸ್ಟ್ರೋಜನ್ ಪಿತ್ತದ ಕೊಲೆಸ್ಟೆರಾಲನ್ನು ಹೆಚ್ಚಿಸುತ್ತದೆ, ಪ್ರೊಜೆಸ್ಟೆರಾನ್ ಕೋಶದ ಸಂಕೋಚನವನ್ನು ನಿಧಾನಿಸುತ್ತದೆ. ಹೆಂಗಸರಲ್ಲಿ ಕಲ್ಲು ಹೆಚ್ಚಾಗಿರುವುದರ ಹಿಂದೆ ಇದೂ ಇದೆ. ಬೊಜ್ಜು ಒಂದು ಕಾರಣವಾದರೆ, ಬೊಜ್ಜನ್ನು ಅತಿ ವೇಗವಾಗಿ ಇಳಿಸುವ ಕಟ್ಟುನಿಟ್ಟಿನ ಉಪವಾಸವೂ ಒಂದು ಕಾರಣ. ರಕ್ತಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ ಬಿಲಿರುಬಿನ್ ಹೆಚ್ಚಿ ಕಪ್ಪು ಕಲ್ಲುಗಳಾಗುತ್ತವೆ. ಅನೇಕರ ಕಲ್ಲುಗಳು ಕೊನೆಯವರೆಗೂ ತೊಂದರೆ ಕೊಡುವುದಿಲ್ಲ, ಅಂಥವಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗಿಯೂ ಇಲ್ಲ. ಮೂತ್ರಪಿಂಡದ ಕಲ್ಲಿಗೆಂದು ನಮ್ಮ ಕಡೆ ಕುಡಿಯುವ ಬಾಳೆದಿಂಡಿನ ರಸವನ್ನು ಇದಕ್ಕೂ ಕುಡಿಯುವವರಿದ್ದಾರೆ. ಮೂತ್ರದ ದಾರಿಗೂ ಪಿತ್ತದ ದಾರಿಗೂ ಸಂಬಂಧವಿಲ್ಲದ್ದರಿಂದ ನೀರು ಹೆಚ್ಚು ಕುಡಿದು ಪಿತ್ತಕೋಶದ ಕಲ್ಲನ್ನು ಹೊರಹಾಕಲು ಬರುವುದಿಲ್ಲ.

ಕಲ್ಲು ಕೋಶದ ಬಾಯಿಗೆ ಅಡ್ಡ ಬಂದಾಗ, ಸಾಮಾನ್ಯವಾಗಿ ಜಿಡ್ಡಿನ ಊಟದ ನಂತರ, ಬಲ ಪಕ್ಕೆಯ ಕೆಳಗೆ ಅಥವಾ ಎದೆಯ ಕೆಳಗಿನ ಗುಳಿಯ ಬಳಿ ನೋವು ಎದ್ದು ಬೆನ್ನಿಗೋ ಬಲ ಭುಜಕ್ಕೋ ಹರಿಯುತ್ತದೆ. ‘ಗ್ಯಾಸು’ ಎಂದು ಸೋಡಾ ಕುಡಿದು ವರ್ಷಗಟ್ಟಲೆ ಕಳೆಯುವುದು ಎಷ್ಟೋ ಬಾರಿ ಈ ನೋವನ್ನೇ. ಕಲ್ಲು ಜಾರಿ ಮುಖ್ಯ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ವಿಷಯ ಗಂಭೀರವಾಗುತ್ತದೆ. ಪಿತ್ತ ಕರುಳಿಗೆ ಇಳಿಯದೆ ರಕ್ತಕ್ಕೆ ಹಿಮ್ಮರಳುತ್ತದೆ: ಕಣ್ಣು ಹಳದಿಯಾಗುತ್ತದೆ, ಮೂತ್ರ ಗಾಢವಾಗುತ್ತದೆ, ಮೈ ತುರಿಸುತ್ತದೆ, ಕರುಳಿಗೆ ಬಣ್ಣ ತಲುಪದ್ದರಿಂದ ಮಲ ಬಿಳಿಚಿದ ಜೇಡಿಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಕಾಮಾಲೆಯೆಂದರೆ ನೆಲನೆಲ್ಲಿ ಅರೆದು ಹಾಲಿನಲ್ಲಿ ಕುಡಿಸಿ ಪಥ್ಯ ಹಿಡಿಸುವುದು ನಮ್ಮ ಜಿಲ್ಲೆಯಲ್ಲಿ ಬಹಳ ಮನೆಗಳ ವಾಡಿಕೆ. ಸೋಂಕಿನಿಂದ ಬಂದ ಎಷ್ಟೋ ಕಾಮಾಲೆಗಳು ತಾವಾಗಿಯೇ ವಾಸಿಯಾಗುವುದರಿಂದ ಆ ವಾಡಿಕೆಗೆ ಹೆಸರು ಬಂದಿದೆ. ನಾಳ ಕಟ್ಟಿಕೊಂಡು ಬಂದ ಕಾಮಾಲೆಗೆ ಅದು ತಾಗುವುದಿಲ್ಲ. ಕಾಯುತ್ತ ಕುಳಿತರೆ ನಾಳಕ್ಕೆ ಸೋಂಕು ತಗುಲಿ ಚಳಿಜ್ವರ ಬಂದು ಜೀವಕ್ಕೇ ಅಪಾಯವಾಗಬಹುದು. ಎಂಡೋಸ್ಕೋಪಿನಿಂದ ನಾಳದ ಕಲ್ಲು ತೆಗೆಸಲು ನಮ್ಮವರು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಓಡುವುದು ಇದ್ದದ್ದೇ ಆದ್ದರಿಂದ, ಮಲದ ಬಣ್ಣ ಬಿಳಿಚಿದ ದಿನವೇ ಹೊರಡುವುದು ಒಳ್ಳೆಯದು. ಹುಟ್ಟಿ ಎರಡು ವಾರ ದಾಟಿದರೂ ಹಳದಿ ಇಳಿಯದ, ಮಲ ಬಿಳಿಚಿಕೊಂಡಿರುವ ಕೂಸನ್ನು ಎಳೆಬಿಸಿಲಿಗೆ ಹಿಡಿದು ದಿನ ಕಳೆಯಬಾರದು. ಪಿತ್ತನಾಳಗಳೇ ಮುಚ್ಚಿಹೋಗಿರುವ ಕಾಯಿಲೆಯಿದ್ದರೆ ಮೊದಲ ಎರಡು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆದಷ್ಟೂ ಫಲ ಹೆಚ್ಚು.

ವಾಟ್ಸಾಪಿನಲ್ಲಿ ಆಗಾಗ ಸುತ್ತುವ ‘ಯಕೃತ್ತು ಶುದ್ಧಿ’ಯ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ದೊಡ್ಡಮ್ಮನಿಗೂ ಅದನ್ನು ಯಾರೋ ಕಳಿಸಿದ್ದರು. ಕೆಲವು ದಿನ ಸೇಬಿನ ರಸ ಕುಡಿದು, ಆಮೇಲೆ ಒಂದು ರಾತ್ರಿ ಆಲಿವ್ ಎಣ್ಣೆ ಮತ್ತು ಲಿಂಬೆರಸವನ್ನು ಲೋಟಗಟ್ಟಲೆ ಕುಡಿದರೆ ಬೆಳಗ್ಗೆ ಹಸಿರು ಬಣ್ಣದ ಕಲ್ಲುಗಳು ಬೀಳುತ್ತವೆ ಎಂಬುದು ಅದರ ಸಾರ. ಬೀಳುವುದು ನಿಜ, ಫೋಟೋಗಳೂ ಸುಳ್ಳಲ್ಲ. ಆದರೆ ಅಂಥ ಉಂಡೆಗಳನ್ನು 2005ರಲ್ಲಿ ಪರೀಕ್ಷಿಸಿ ನೋಡಿದಾಗ ಅವುಗಳಲ್ಲಿ ಬಹುಪಾಲು ಕೊಬ್ಬಿನಾಮ್ಲಗಳೇ ಇದ್ದವು. ಸ್ವಲ್ಪ ಬೆಚ್ಚಗೆ ಮಾಡಿದೊಡನೆ ಅವು ಕರಗಿ ಹಸಿರು ಎಣ್ಣೆಯಾದವು. ಕುಡಿದ ಎಣ್ಣೆಯನ್ನು ಲೈಪೇಸ್ ಒಡೆದು, ಲಿಂಬೆರಸದ ಪೊಟ್ಯಾಸಿಯಂ ಅದರೊಡನೆ ಸೇರಿ, ಹೊಟ್ಟೆಯೊಳಗೇ ತಯಾರಾದ ಸಾಬೂನಿನ ಉಂಡೆಗಳವು. ಅಷ್ಟೊಂದು ಎಣ್ಣೆಯನ್ನು ಒಮ್ಮೆಗೇ ಕುಡಿದಾಗ ಕೋಲಿಸಿಸ್ಟೋಕೈನಿನ್ ಭರದಿಂದ ಹೊರಟು, ಪಿತ್ತಕೋಶ ಬಲವಾಗಿ ಕುಗ್ಗುತ್ತದೆ. ಒಳಗೆ ನಿಜವಾದ ಕಲ್ಲು ಇದ್ದವರಲ್ಲಿ ಅದು ಆಗ ನಾಳಕ್ಕೆ ಜಾರಿ ಸಿಕ್ಕಿಕೊಳ್ಳುವ ಅಪಾಯವಿದೆ. ಸಂದೇಶ ಕಳಿಸಿದವರಿಗೆ ಇದನ್ನೆಲ್ಲ ವಿವರಿಸುವಷ್ಟು ತಾಳ್ಮೆ ದೊಡ್ಡಮ್ಮನಿಗಿರಲಿಲ್ಲ; ‘ಅಷ್ಟೆಲ್ಲ ಎಣ್ಣೆ ಇದ್ರೆ ಹಪ್ಪಳ ಕರಿತೆ’ ಎಂದು ಅಳಿಸಿಹಾಕಿದರು.